ಮೇಷ್ಟ್ರ ಹೊಸ ಪಾಸ್‌ವರ್ಡ್

ಆನ್‌ಲೈನ್ ರೇಸಿನ ಆಟದಲ್ಲಿ ಡ್ರಾಯಿಂಗ್ ಮೇಷ್ಟ್ರ ಕಾರು ಗೆಲುವಿನ ಗೆರೆಗೆ ಮಾರುದೂರವಿದ್ದಾಗ ನೆಟ್ಟು ಕುಂಟಿ, ಟಿ.ವಿ. ಪರದೆಯ ಮೇಲೆ ಆ ಹಾಳು ಬಿಳಿ ಚಕ್ರ ತಿರುಗತೊಡಗಿತು. ಅದು ನಿಲ್ಲುವ ಹೊತ್ತಿಗೆ ಎದುರಾಳಿ ಗೆದ್ದು ಸುಧಾರಿಸಿಕೊಳ್ಳುತ್ತಿದ್ದ. ‘ಬಿರುಗಾಳಿ’ ಎಂದು ಹೆಸರಿಟ್ಟುಕೊಂಡಿದ್ದ ಆ ಮುಖ ಕಾಣದ ಪುಣ್ಯಾತ್ಮನಿಂದ ಸಂದೇಶ ಬೇರೆ: “ಎತ್ತಿನಗಾಡಿ ಬಂತಾ? ಸಂಜೆ ಆರಕ್ಕೆ ಕೊನೇ ರೇಸು. ಸೋತ್ರೆ ಆಟದಲ್ಲಿ ಅದೇ ಹೆಸರು ಇಟ್ಕೋಬೇಕು!”

“ಬಾರೋ ಮಗನೇ!” ಎಂದು ಮೇಷ್ಟ್ರು ಗುಡುಗಿದರು. ನೆತ್ತಿಯ ಮೇಲೆ ನೀರಿಟ್ಟಿದ್ದರೆ ಕುದಿಯುತ್ತಿತ್ತು.

ಗುಡುಗು ಕೇಳಿ ಮೇಲಿನ ಮನೆಯ ಪೋಸ್ಟ್‌ಮಾಸ್ಟರು ಇಳಿದುಬಂದರು.

“ಕೋಪ ಮಾಡ್ಕೋಬೇಡಿ ಮೇಷ್ಟ್ರೇ. ರೂಟರ್ನ ಕಪಾಟಿನ ಹಿಂದೆ ತುರುಕಿದೀರಲ್ಲ, ಪಾಪ, ಅದಕ್ಕೆ ಉಸಿರು ಕಟ್ಟುತ್ತೆ. ಚಾವಣಿ ಹತ್ರ ಏರಿಸಿ.”

ಮೇಷ್ಟ್ರು ಸ್ಟೂಲು ಹತ್ತಿದರು. ರೂಟರು ಮೇಲೇರಿತು, ಮೇಷ್ಟ್ರು ಒಗೆಯುವ ಬಟ್ಟೆಯ ಬುಟ್ಟಿಗೆ ಇಳಿದರು. ನೆಟ್ಟು ಮಾತ್ರ ಇನ್ನಷ್ಟು ಕುಂಟತೊಡಗಿತು.

“ಇನ್ಯಾರೋ ನಮ್ಮ ನೆಟ್ ಹೀರ್ತಿದಾರೆ ಕಣ್ರೀ,” ಎಂದಳು ಹೆಂಡತಿ, ಅವರ ಸೊಂಟಕ್ಕೆ ಮುಲಾಮು ತಿಕ್ಕುತ್ತ. “ಒಂದರಿಂದ ಎಂಟರವರೆಗೆ ಅಂಕಿ ಬರೆದು ಪಾಸ್‌ವರ್ಡ್ ಅಂದ್ರೆ, ಅಂಗನವಾಡಿ ಮಗೂನೂ ಹೇಳುತ್ತೆ!”

ಮೇಷ್ಟ್ರು ಹಲ್ಲು ಕಡಿಯುತ್ತ ಪಾಸ್‌ವರ್ಡ್ ಬದಲಾಯಿಸಿದರು. ಮನಸ್ಸಿಗೆ ಬಂದದ್ದೇ ಬೆರಳಿಗೂ ಬಂತು. ಅರೆರೆ! ನೆಟ್ಟು ಹಗ್ಗ ಬಿಚ್ಚಿದ ಕರುವಿನಂತೆ ಚಂಗನೆ ನೆಗೆಯಿತು.

ಸಂಜೆ ಆರಾಯಿತು. ಬಿರುಗಾಳಿಯ ಸುಳಿವಿಲ್ಲ. ಇನ್ನೊಂದು ನಿಮಿಷ ಬಾರದಿದ್ದರೆ ಮೇಷ್ಟ್ರೇ ಗೆದ್ದಂತೆ! ಅಷ್ಟರಲ್ಲಿ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದ ಹೆಂಡತಿ ಕೂಗಿದಳು: “ರೀ, ನನ್ನ ಫೋನಲ್ಲಿ ನೆಟ್ ಬರ್ತಿಲ್ಲ! ಹೊಸ ಪಾಸ್‌ವರ್ಡ್ ಏನ್ರೀ?”

ಪರದೆಯಿಂದ ಕಣ್ಣು ಕೀಳದೆ ಮೇಷ್ಟ್ರು ಕಿಟಕಿಗೆ ಬಾಯಿಟ್ಟರು.

“ಹಾಳಾಗಿಹೋಗು!”

“ಏನಂದ್ರಿ?”

“ಹಾಳಾಗಿಹೋಗು ಅಂದೆ!”

“ನಾನೇನ್ರೀ ಮಾಡಿದೆ ನಿಮಗೆ?”

“ಅಯ್ಯೋ, ಅದೇ ಕಣೇ ಪಾಸ್‌ವರ್ಡು! ಇಂಗ್ಲಿಷಲ್ಲಿ, ಎಲ್ಲಾ ಸಣ್ಣಕ್ಷರ, ನಡುವೆ ಜಾಗ ಬಿಡ್ಬೇಡ!” ಇಡೀ ವಠಾರಕ್ಕೆ ಕೇಳುವಂತೆ ಅರಚಿದರು.

ಮರುಕ್ಷಣ ಪರದೆಯ ಮೇಲೆ ಬಿರುಗಾಳಿ ಪ್ರತ್ಯಕ್ಷ. ರೇಸು ಶುರುವಾಯಿತು. ಮೇಷ್ಟ್ರ ಕಾರು ಮುಂದೆ, ಮುಂದೆ, ಇನ್ನೇನು ಗೆರೆ ಮುಟ್ಟಬೇಕು... ಬಿಳಿ ಚಕ್ರ!

ತಲೆಯ ಮೇಲಿನ ಮನೆಯಲ್ಲಿ ಯಾರೋ ಧಡಧಡ ಕುಣಿದ ಸದ್ದು. ಚಾವಣಿಯ ಸುಣ್ಣ ಮೇಷ್ಟ್ರ ಮೂಗಿನ ಮೇಲೆ ಉದುರಿತು. ಪರದೆಯಲ್ಲಿ ಬಿರುಗಾಳಿಯ ಸಂದೇಶ ಮೂಡಿತು:

“ಪಾಸ್‌ವರ್ಡ್ ಬಹಳ ಚೆನ್ನಾಗಿದೆ, ಎತ್ತಿನಗಾಡಿಯವರೇ. ಕೋಪ ಮಾಡ್ಕೋಬೇಡಿ.”