ಆರು ಹದಿನಾರು ಸಾಕು ಅಂದರೆ ಯಾರು ಕೇಳ್ತಾರೆ

ಹೆದ್ದಾರಿ ಪಕ್ಕ ಟೈರ್ ಅಂಗಡಿ ಇಟ್ಟವನಿಗೆ ಬೇರೆ ಮನರಂಜನೆ ಬೇಕಿಲ್ಲ. ಬೆಳಗ್ಗೆ ಶಟರ್ ಎತ್ತಿದರೆ ಸಾಕು, ಯಾರಾದರೊಬ್ಬರು ಬಂದು ಏನಾದರೊಂದು ಕೇಳುತ್ತಾರೆ, ನಾನು ನಗದೆ ಉತ್ತರ ಹೇಳಬೇಕು. ಟೈರ್ ಬಿಚ್ಚುವುದು, ಹಾಕುವುದೆಲ್ಲ ಸುಲಭ. ಈ ನಗದೇ ಇರುವುದಿದೆಯಲ್ಲ, ಅದನ್ನು ಕಲಿಯುವುದಕ್ಕೆ ನನಗೆ ವರ್ಷಗಳೇ ಹಿಡಿದವು.

ನನ್ನ ಅಂಗಡಿ ಇದ್ದದ್ದು ಚನ್ನಪಟ್ಟಣದಲ್ಲಿ. ಬಿಡದಿ, ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ರಸ್ತೆ ಅಗಲವಾಗುತ್ತಿತ್ತು. ಅದನ್ನು ನೋಡಿ ನೋಡಿ ಜನಕ್ಕೆ ತಮ್ಮ ಟೈರೂ ಅಗಲವಾಗಬೇಕು ಅನ್ನಿಸತೊಡಗಿತು. ಹಳೇ ಜೀಪಿಗೆ ಹುಟ್ಟಿನಿಂದ ಬಂದ ಅಳತೆ ಆರು ಹದಿನಾರು. ಅಂದರೆ ಟೈರು ಆರಿಂಚು ಅಗಲ, ರಿಮ್ಮು ಹದಿನಾರಿಂಚು. ಕಲ್ಲು ಗುಡ್ಡಕ್ಕೂ ಅದೇ, ಗದ್ದೆ ಬಯಲಿಗೂ ಅದೇ. "ಇದು ಸಾಕು" ಅಂದರೆ ಮಾತ್ರ ಗಿರಾಕಿಯ ಮುಖ, ಮದುವೆ ಊಟದಲ್ಲಿ ಪಾಯಸ ಮುಗೀತು ಅಂದಹಾಗೆ ಆಗುತ್ತಿತ್ತು.

೧. ಅಳತೆ ತಂದ ಯಜಮಾನರು

ಹೊಂಗನೂರು ಕಡೆಯ ರೇಷ್ಮೆ ಬೆಳೆಗಾರರೊಬ್ಬರು ಫೋನ್ ಮಾಡಿದರು. ಸೊಪ್ಪು ಹೇರುವುದಕ್ಕೆಂದು ಹಳೇ ಜೀಪ್ ಕೊಂಡಿದ್ದರಂತೆ, ನಾಲ್ಕೂ ಟೈರ್ ಬದಲಾಯಿಸಬೇಕಂತೆ.

"ಅಳತೆ ಏನು ಯಜಮಾನ್ರೇ?"

"ಅದ ಎಲ್ಲಿ ನೋಡದು?"

"ಟೈರಿನ ಪಕ್ಕೇಲಿ ಬರೆದಿರುತ್ತೆ."

"ಅದೆಲ್ಲ ಅಳಿಸೋಗೈತೆ."

"ಹಂಗಾದ್ರೆ ಅಗಲ ಎಷ್ಟಿದೆ ಅಂತ ಅಳತೆ ತಗೊಂಡು ಬನ್ನಿ."

ಮರುದಿನ ಅವರು ತಲೆ ಮೇಲೆ ಮಂಕರಿ ಹೊತ್ತು ಬಸ್ಸಿಳಿದರು. ಮೇಲೆ ಒದ್ದೆ ಗೋಣಿಚೀಲ ಹೊದಿಸಿತ್ತು. ರೇಷ್ಮೆಗೂಡು ಮಾರುವುದಕ್ಕೆ ಹೊರಟಿರಬೇಕು ಅಂದುಕೊಂಡೆ. ಮಂಕರಿಯನ್ನು ಮೆಲ್ಲಗೆ ನನ್ನ ಮೇಜಿನ ಮೇಲಿಟ್ಟು ಗೋಣಿ ಸರಿಸಿದರು. ಒಳಗೆ ಮಣ್ಣು. ಹೊಲದಲ್ಲಿ ಟೈರಿನ ಗುರುತು ಬಿದ್ದ ಜಾಗವನ್ನು ಗುದ್ದಲಿಯಲ್ಲಿ ಹೆಂಟೆ ಸಮೇತ ಎಬ್ಬಿಸಿ ತಂದಿದ್ದರು.

"ಬಸ್ಸಲ್ಲಿ ಯಾರೂ ಕೈ ಮಡಗದಂಗೆ ಕಾದ್ಕೊಂಡು ಬಂದಿವ್ನಿ. ಅಳೀರಿ" ಅಂದರು.

ಇಷ್ಟು ಶ್ರದ್ಧೆಗೆ ಮರ್ಯಾದೆ ಕೊಡಬೇಕಲ್ಲ, ಟೇಪ್ ತೆಗೆದು ಅಳೆದೆ. ಹನ್ನೊಂದು ಇಂಚು. ಮತ್ತೆ ಅಳೆದೆ. ಹನ್ನೊಂದೇ.

"ಯಜಮಾನ್ರೇ, ಇಷ್ಟು ಅಗಲದ ಟೈರು ನಿಮ್ಮ ಜೀಪಿಗೆ ಹೆಂಗೆ ಹಾಕಿದ್ರು?"

"ನಮ್ ಜೀಪಿಂದಲ್ಲ ಕಣ್ರೀ ಇದು, ಪಕ್ಕದ ಹೊಲದವನ ಟ್ರ್ಯಾಕ್ಟ್ರಿಂದು."

"ನಿಮ್ಮ ಜೀಪಿನ ಗುರುತು ತರಬೇಕಿತ್ತಲ್ವಾ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ನಮ್ ಟೈರು ಗುರುತು ಬೀಳಂಗಿದ್ದಿದ್ರೆ ನಾನ್ಯಾಕೆ ಹೊಸಾದ್ ತಗೊಳಾಕ್ ಬತ್ತಿದ್ದೆ?"

೨. ಎಡಗಡೆ

ಕನಕಪುರದ ಕಡೆ ಸೈಟುಗಳನ್ನು ಮಾಡಿ ಮಾರುತ್ತಿದ್ದ ಒಬ್ಬರು ಹೊಸ ಜೀಪಿನಲ್ಲಿ ಬಂದರು. ಅಂಗಡಿಯಲ್ಲಿದ್ದುದರಲ್ಲೇ ಅತಿ ಅಗಲದ ಟೈರು ಬೇಕು ಅಂದರು. ಅದು ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಒಳಗಡೆ ತಾಗುತ್ತೆ ಅಂದೆ. "ತಾಗ್ಲಿ ಬುಡಿ, ಗಾಡಿ ಒಸಿ ಗತ್ತಾಗಿ ಕಾಣ್ಬೇಕು" ಅಂದರು. ಹಾಕಿಕೊಟ್ಟೆ. ನಿಜವಾಗಿಯೂ ಗತ್ತಾಗಿ ಕಂಡಿತು.

ವಾರದ ಮೇಲೆ ವಾಪಸ್ ಬಂದರು. ಅವರ ಗಾಡಿಯದೇ ಒಂದು ದೋಷ ಇತ್ತು ಅಂತ ಕಾಣುತ್ತೆ, ಬಲಕ್ಕೆ ಚೆನ್ನಾಗಿ ತಿರುಗುತ್ತಿತ್ತು, ಎಡಕ್ಕೆ ಕಾಲುಭಾಗ ತಿರುಗಿ ಕರ್ರ್ ಅಂತ ನಿಲ್ಲುತ್ತಿತ್ತು.

"ಈಗ ಹೆಂಗೆ ಓಡಿಸ್ತಿದ್ದೀರಿ?"

"ಬಲಕ್ಕೇ ಹೋಯ್ತಾ ಇದೀನಿ. ಎಡಗಡೆ ಹೋಗ್ಬೇಕಾದ್ರೆ ಬಲಕ್ಕೆ ಮೂರು ಸಲ ತಿರುಗಿದ್ರೆ ಆಯ್ತು. ಸೈಟು ನೋಡಾಕ್ ಬಂದೋರ್ಗೆ ಊರೆಲ್ಲ ತೋರಿಸ್ದಂಗೂ ಆಯ್ತದೆ."

ಹಳೇ ಟೈರುಗಳನ್ನು ಎತ್ತಿಟ್ಟಿದ್ದೆ. ಹತ್ತು ನಿಮಿಷದಲ್ಲಿ ಬದಲಾಯಿಸಿಕೊಡುತ್ತೇನೆ, ಯಾವ ಕಡೆ ಬೇಕಾದರೂ ತಿರುಗುತ್ತೆ ಅಂದೆ. ಅವರು ಗಾಡಿ ಸುತ್ತ ಒಂದು ಸುತ್ತು ಬಂದರು.

"ಬ್ಯಾಡ ಬುಡಿ. ನಮ್ ಭಾಮೈದ ದಿನಾ ಬಾ ಬಾ ಅಂತ ಫೋನ್ ಮಾಡ್ತಾವ್ನೆ. ಅವನ ಮನೆ ಇರೋದು ಎಡಗಡೆ ಸಂದೀಲಿ."

೩. ಒಂದೇ ಒಂದು

ಮಾಗಡಿಯ ಒಬ್ಬರು ಬಂದು ಭಾರೀ ಗಾತ್ರದ, ಗಟ್ಟಿ ಗುಬುಟುಗಳ ಟೈರನ್ನು ತಟ್ಟಿ ನೋಡಿ, "ಒಂದು ಕೊಡಿ" ಅಂದರು.

"ನಾಲ್ಕು ಹಾಕಬೇಕು ಸ್ವಾಮಿ. ಮೂರು ಸಣ್ಣದು, ಒಂದು ದೊಡ್ಡದು ಹಾಕಿದ್ರೆ ಗಾಡಿ ವಾಲುತ್ತೆ."

"ಹಾಕೋಕಲ್ಲ, ಸ್ಟೆಪ್ನಿಗೆ. ಹಿಂದೆ ನೇತಾಕೋಕೆ."

"ಪಂಕ್ಚರ್ ಆದಾಗ ಅದನ್ನೇ ಹಾಕಬೇಕಲ್ಲ?"

"ಪಂಕ್ಚರ್ ಆದ್ರೆ ಬಸ್ಸಲ್ಲಿ ಹೋಯ್ತೀನಿ" ಅಂದರು. "ಹಿಂದ್ಗಡೆ ಬರೋರು ಕೆಳಗಿನ್ ಟೈರ್ ನೋಡ್ತಾರಾ?"

ನಾನು ಒಂದೇ ಒಂದು ಟೈರಿಗೆ ಬಿಲ್ ಬರೆದೆ.

೪. ಪಕ್ಕದಂಗಡಿಯ ತಜ್ಞರು

ನನ್ನ ಪಕ್ಕದ ಅಂಗಡಿ ಗೊಂಬೆ ಮಾಡುವ ಸಾಹೇಬರದು. ಅರವತ್ತು ದಾಟಿದವರು, ಹಾಲೆ ಮರದ ತುಂಡನ್ನು ಕಡೆದು ಅರಗಿನ ಬಣ್ಣ ಹಚ್ಚಿ ಪುಟ್ಟ ಪುಟ್ಟ ಗಾಡಿ ಮಾಡುತ್ತಿದ್ದರು.

ಒಂದು ಭಾನುವಾರ ಬೆಂಗಳೂರಿನಿಂದ ನಾಲ್ಕು ಜನ ಗೆಳೆಯರು ಜೀಪಿನಲ್ಲಿ ಬಂದರು. ಕಾಡುಮೇಡು ಹತ್ತಿಸುವ ಶೋಕಿಯವರು. ಟೈರು ಎಷ್ಟು ಎತ್ತರ, ಎಷ್ಟು ಅಗಲ ಇರಬೇಕು ಅನ್ನುವ ಬಗ್ಗೆ ಕಂಪ್ಯೂಟರಿನಿಂದ ಒಂದು ಕಟ್ಟು ಹಾಳೆ ತೆಗೆಸಿಕೊಂಡು ಬಂದಿದ್ದರು. ಇಬ್ಬರು ಅಗಲದ ಪಕ್ಷ, ಇಬ್ಬರು ಎತ್ತರದ ಪಕ್ಷ. ನಾನು ಬಾಯಿ ತೆರೆದಾಗಲೆಲ್ಲ "ಒಂದ್ನಿಮಿಷ" ಅನ್ನುತ್ತಿದ್ದರು. ಮಧ್ಯಾಹ್ನವಾಯಿತು. ಗಲಾಟೆಗೆ ಕೆಲಸ ಕೆಟ್ಟು ಸಾಹೇಬರೇ ಎದ್ದು ಬಂದರು.

"ಏನ್ ಸಮಾಚಾರ?"

ಹೇಳಿದೆ. ಅವರು ಗಡ್ಡ ನೀವಿಕೊಂಡು, "ಚಕ್ರ ಅಗಲ ಮಾಡಿದ್ರೆ ಭಾರ ಆಯ್ತದೆ, ಎಳೆಯೋರಿಗೆ ತ್ರಾಸು. ಗಿಡ್ಡ ಮಾಡಿದ್ರೆ ಹೊಸಿಲು ದಾಟಲ್ಲ. ಅದಕ್ಕೆ ನಾನು ಎತ್ತರ ಮಾಡ್ತೀನಿ, ಅಗಲ ಕಮ್ಮಿ ಮಾಡ್ತೀನಿ" ಅಂದರು.

ನಾಲ್ವರೂ ಅವರ ಕಡೆ ತಿರುಗಿದರು. ಒಬ್ಬ ಹಾಳೆಯ ಹಿಂದೆ ಅದನ್ನು ಬರೆದುಕೊಂಡ. ನಾನು ಬೆಳಗಿನಿಂದ ಹೇಳಹೊರಟಿದ್ದೂ ಅದೇ ಅನ್ನುವುದು ಬೇರೆ ಮಾತು.

"ಅಂಕಲ್, ನಿಮ್ಮ ಗಾಡಿಗಳ ಟೆಸ್ಟಿಂಗ್ ಎಲ್ಲಿ ಮಾಡ್ತೀರಿ?" ಬರೆದುಕೊಂಡವನು ಗೌರವದಿಂದ ಕೇಳಿದ.

"ಮನೇಲೇ. ಮೊಮ್ಮಗಳು ಮಾಡ್ತಾಳೆ."

"ಇಂಜಿನಿಯರಾ?"

"ಮೂರು ವರ್ಷ. ಚೆನ್ನಾಗಿಲ್ಲ ಅಂದ್ರೆ ನನ್ ಮುಖಕ್ಕೇ ಎಸೀತಾಳೆ."

೫. ಹಸು ಬಂತು

ಈಗ ನನ್ನದೇ ತಪ್ಪಿನ ಕಥೆ. ಊರಿಗೆಲ್ಲ ಆರು ಹದಿನಾರು ಸಾಕು ಅಂತ ಉಪದೇಶ ಮಾಡುತ್ತಿದ್ದ ನಾನು, ಒಮ್ಮೆ ಆಸೆಬಿದ್ದು ಅಗಲದ ಟೈರುಗಳನ್ನು ತರಿಸಿಬಿಟ್ಟಿದ್ದೆ. ಅವು ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತಿದ್ದವು. ಅಷ್ಟರಲ್ಲಿ ಮಾಗಡಿ ತಾಲ್ಲೂಕಿನ ದನದ ಡಾಕ್ಟರೊಬ್ಬರು ತಮ್ಮ ಸ್ವಂತ ಜೀಪಿಗೆ ಟೈರ್ ಕೇಳಿಕೊಂಡು ಬಂದರು. ಸಾಧು ಮನುಷ್ಯ, ಮಂಡಿ ನೋವಿನವರು, ಹೇಳಿದ್ದನ್ನು ನಂಬುವವರು.

"ಇದನ್ನ ಹಾಕಿ ಡಾಕ್ಟ್ರೇ. ಎಂಥ ಕೆಸರಿದ್ರೂ ಹೂವಿನ ಮೇಲೆ ಹೋದಂಗೆ ಹೋಗುತ್ತೆ" ಅಂದುಬಿಟ್ಟೆ.

ಮಳೆಗಾಲ ಶುರುವಾದ ಮೇಲೆ, ಕೆಂಪಾಪುರದ ಕಡೆ ಒಂದು ಕಲ್ಲುಕ್ವಾರಿಯ ಲಾರಿಗೆ ಟೈರು ತಲುಪಿಸಿ ವಾಪಸ್ ಹೊರಟಿದ್ದೆ. ಎದುರಿಗೆ ಡಾಕ್ಟರ ಜೀಪು. ಕೆರೆಯಾಚೆಯ ಹಟ್ಟಿಯಲ್ಲಿ ಒಂದು ಹಸುವಿಗೆ ಕರು ಅಡ್ಡ ಸಿಕ್ಕಿಕೊಂಡಿದೆಯಂತೆ, ಒಬ್ಬ ಅಜ್ಜಿಗೆ ಇರುವುದು ಅದೊಂದೇ ಹಸುವಂತೆ. "ಕೆರೆ ಅಂಗಳದಲ್ಲೇ ದಾಟಿಬಿಡೋಣ, ನೀವೇ ಹೇಳಿದ್ರಲ್ಲ. ಬನ್ನಿ, ಹತ್ತಿ" ಅಂದರು. ಹತ್ತದೆ ವಿಧಿಯಿರಲಿಲ್ಲ.

ಕೆರೆ ಅಂಗಳದಲ್ಲಿ ಮೇಲೆ ಗೇಣುದ್ದ ಕೆಸರು, ಕೆಳಗೆ ಗಟ್ಟಿ ನೆಲ. ಸಣ್ಣ ಟೈರಾಗಿದ್ದರೆ ಕೆಸರು ಸೀಳಿಕೊಂಡು ಇಳಿದು ನೆಲ ಕಚ್ಚಿ ಹೋಗುತ್ತಿತ್ತು. ನಮ್ಮದು ನಾನು ಹೇಳಿದ ಹಾಗೆಯೇ ಹೂವಿನ ಮೇಲೆ ಹೋದಂತೆ ಹೋಯಿತು. ನೂರು ಮಾರು ಹೋದ ಮೇಲೆ ಹೂವಿನ ಮೇಲೆಯೇ ನಿಂತಿತು. ನಾಲ್ಕು ಚಕ್ರವೂ ತಿರುಗುತ್ತಿದ್ದವು. ಗಾಡಿ ಮಾತ್ರ ಮೆಲ್ಲಗೆ ಪಕ್ಕಕ್ಕೆ ಜಾರುತ್ತಿತ್ತು.

ಡಾಕ್ಟರು ಇಳಿದು ನಡೆದೇ ಹೋಗೋಣವೆಂದು ಒಂದು ಕಾಲಿಟ್ಟರು. ಮೀನಖಂಡದವರೆಗೆ ಹೋಯಿತು. ಕಾಲು ಈಚೆಗೆ ಬಂತು, ಚಪ್ಪಲಿ ಬರಲಿಲ್ಲ. ಮತ್ತೆ ಹತ್ತಿ ಕೂತರು. ನನ್ನ ಕಡೆ ನೋಡಲಿಲ್ಲ. ಒಂದು ಮಾತು ಬೈದಿದ್ದರೂ ನನಗೆ ನೆಮ್ಮದಿಯಾಗುತ್ತಿತ್ತು. "ಆ ಹಸು ಹೋಗ್ಬಿಡುತ್ತೇನೋ" ಅಂದರು, ಅಷ್ಟೇ.

ಆಚೆ ದಡದಿಂದ ಯಾರೋ ಕೂಗಿದರು. "ಡಾಕ್ಟ್ರೇ, ಅಲ್ಲೇ ಇರಿ!" ಇರದೆ ಹೋಗುವುದೆಲ್ಲಿಗೆ? ನೋಡುತ್ತಿದ್ದ ಹಾಗೆ ಇಬ್ಬರು ಗಂಡಸರು ಅಕ್ಕಪಕ್ಕ ಹಿಡಿದು, ಅಜ್ಜಿ ಮುಂದೆ ಹಗ್ಗ ಹಿಡಿದು, ಹಸುವನ್ನೇ ನಡೆಸಿಕೊಂಡು ಬಂದರು. ಅದು ಒಂದೊಂದೇ ಕಾಲು ಊರಿ, ಕಿತ್ತು, ಊರಿ, ಸೀದಾ ಜೀಪಿನ ಹತ್ತಿರದ ಗಟ್ಟಿ ದಿಬ್ಬಕ್ಕೆ ಬಂದು ನಿಂತಿತು. ನಮಗಿಂತ ಚೆನ್ನಾಗಿ ಬಂತು.

ಡಾಕ್ಟರನ್ನು ಹೊತ್ತುಕೊಂಡು ದಿಬ್ಬಕ್ಕೆ ಇಳಿಸಿದೆವು. ಅವರು ತೋಳಿನವರೆಗೆ ಕೈ ಹಾಕಿ ಕರುವನ್ನು ತಿರುಗಿಸಿದರು. ಕರುವಿನ ಕಾಲಿಗೆ ಕಟ್ಟಿದ ಹಗ್ಗದ ತುದಿ ನನ್ನ ಕೈಗೆ ಕೊಟ್ಟು, ಹೇಳಿದಾಗ ಎಳೆಯಬೇಕು ಅಂದರು. ಅವತ್ತು ನಾನು ಮಾಡಿದ ಸರಿಯಾದ ಕೆಲಸ ಅದೊಂದೇ. ಅರ್ಧ ಗಂಟೆಗೆ ಕರು ನೆಲಕ್ಕೆ ಬಿತ್ತು, ಸೀನಿತು. ಹೆಣ್ಣುಗರು. ಹಸು ನೆಕ್ಕತೊಡಗಿತು. ಡಾಕ್ಟರು ಒಂಟಿ ಚಪ್ಪಲಿಯಲ್ಲಿ ನಿಂತು ನಕ್ಕರು. ನನಗೆ ಕಣ್ಣು ಮಂಜಾಗಿತ್ತು, ಕೆಸರು ಸಿಡಿದದ್ದು ಅಂದೆ.

ಅಜ್ಜಿ ಸೆರಗಿನಿಂದ ಕರುವಿನ ಮೂತಿ ಒರೆಸಿ, ಸಿಕ್ಕಿಬಿದ್ದ ಜೀಪನ್ನೂ ನನ್ನನ್ನೂ ನೋಡಿತು.

"ಡಾಕ್ಟ್ರು ಇವ್ರು. ನೀನ್ಯಾರಪ್ಪ?"

"ಟೈರ್ ಮಾರೋನು ಅಜ್ಜಿ."

ಅಜ್ಜಿ ಹಸುವಿನ ಹಗ್ಗವನ್ನು ನನ್ನಿಂದ ಒಸಿ ದೂರಕ್ಕೆ ಎಳೆದುಕೊಂಡಿತು.

"ನಮ್ ಹಸೀಗೆ ಬ್ಯಾಡ ಕಣಪ್ಪ. ಅದ್ಕೆ ಇರೋ ನಾಲ್ಕೇ ಚೆಂದಾಗವೆ."