ಮೆಟ್ಟಿಲು ಮಂಜೂರಾದ ವಿಳಾಸ

ನಾಗರಿಕರ ಕ್ರೆಡಿಟ್ ವರದಿಯಲ್ಲಿ ತಪ್ಪುಗಳಿರುವುದಿಲ್ಲ. ಇದ್ದಲ್ಲಿ, ತಿದ್ದಲು ಹದಿನೇಳನೇ ನಮೂನೆಯ ಅರ್ಜಿ ಇರುತ್ತದೆ.

ಕನ್ನಡಕದಂಗಡಿಯವರ ಮನೆಯ ಮರದ ಮೆಟ್ಟಿಲು ಮುರಿದುಬಿದ್ದಾಗ ಅವರ ತಾಯಿ ಮಹಡಿಯ ಮೇಲಿದ್ದರು. ಸೊಸೆ ಏಣಿ ಹತ್ತಿ ಊಟ ಕೊಟ್ಟು ಬರುತ್ತಿದ್ದರು. ಅತ್ತೆಯ ಮಂಡಿ ಮಾತ್ರ ಏಣಿಗೆ ಒಪ್ಪಲಿಲ್ಲ. ಹೊಸ ಮೆಟ್ಟಿಲಿಗೆ ಸಾಲ ಕೇಳಲು ಮಗ ಬ್ಯಾಂಕಿಗೆ ಹೋದರೆ, ನಿಮ್ಮ ಕ್ರೆಡಿಟ್ ವರದಿಯಲ್ಲಿ ವಿಳಾಸ ಒಂಬತ್ತನೇ ಅಡ್ಡರಸ್ತೆಯದಿದೆ, ಮೊದಲು ಸರಿಮಾಡಿಸಿಕೊಂಡು ಬನ್ನಿ ಎಂದರು. ಆ ರಸ್ತೆಯನ್ನು ಇವರು ಕಣ್ಣಿಂದಲೂ ಕಂಡಿರಲಿಲ್ಲ.

ಕ್ರೆಡಿಟ್ ಕಚೇರಿಯ ಕೌಂಟರಿನ ಮೇಡಂ ಅರ್ಜಿಯನ್ನು ಸಂತೋಷದಿಂದ ಸ್ವೀಕರಿಸಿದರು. ತಿದ್ದುಪಡಿಗೆ ಮುನ್ನ ಅರ್ಜಿದಾರರಿಗೆ ನೋಟಿಸ್ ಹೋಗಬೇಕು, ಅದು ದಾಖಲೆಯ ವಿಳಾಸಕ್ಕೇ ಹೋಗಬೇಕು, ಅರ್ಜಿದಾರರೇ ಅಲ್ಲಿ ಸಹಿ ಹಾಕಿ ಪಡೆಯಬೇಕು ಎಂದು ವಿವರಿಸಿದರು.

"ಆ ವಿಳಾಸಾನೇ ತಪ್ಪು ಅಂತ ತಾನೇ ಮೇಡಂ ಅರ್ಜಿ ಕೊಟ್ಟಿರೋದು?"

"ಹೌದು ಸರ್. ಆದರೆ ಅದು ತಪ್ಪು ಅಂತ ಇನ್ನೂ ತೀರ್ಮಾನ ಆಗಿಲ್ಲವಲ್ಲ."

ಈ ಮಾತಿನಲ್ಲಿ ಹುಳುಕು ಹುಡುಕುವುದು ನನ್ನಿಂದಲೂ ಆಗಿಲ್ಲ.

ಒಂಬತ್ತನೇ ಅಡ್ಡರಸ್ತೆಯ ಆ ಒಂದಂತಸ್ತಿನ ಮನೆಯಲ್ಲಿ ನಿವೃತ್ತ ಗಣಿತದ ಮೇಷ್ಟ್ರು ಒಬ್ಬರೇ ಇದ್ದರು. ಕನ್ನಡಕದಂಗಡಿಯವರು ಅವರ ಜಗಲಿಯಲ್ಲಿ ಕಾದು ಕೂತರು. ಅಂಚೆಯವರು ನೋಟಿಸ್ ತಂದರು, ಕೊಡಲಿಲ್ಲ. ಕಾದು ಕೂತವರೆಲ್ಲ ನಿವಾಸಿಗಳಾಗುವುದಿಲ್ಲ, ಹಾಸಿಗೆ ಎಲ್ಲಿದೆ ಎಂದರು. ಮರುದಿನ ಹಾಸಿಗೆ ಬಂತು. ಹಿಂದೆಯೇ ಸೋಪು, ಟವೆಲ್ಲು, ಹಲ್ಲುಜ್ಜುವ ಬ್ರಷ್ಷು ಬಂದವು. ಮೇಷ್ಟ್ರು ಬಾಡಿಗೆ ರಸೀದಿ ಬರೆದುಕೊಟ್ಟರು, ರಸೀದಿ ಸುಳ್ಳಾಗಬಾರದೆಂದು ಬಾಡಿಗೆಯನ್ನೂ ಪಡೆದರು. ಮೂರನೇ ತಿಂಗಳು ನೋಟಿಸ್ ಕೈಸೇರಿತು, ಜೊತೆಗೆ ತಪಾಸಣಾಧಿಕಾರಿಯೂ ಬಂದರು. ಅವರ ಆದೇಶ ಹೀಗಿತ್ತು:

"ಅರ್ಜಿದಾರರು ದಾಖಲೆಯ ವಿಳಾಸದಲ್ಲೇ ವಾಸವಾಗಿರುವುದು ಹಾಸಿಗೆ ಸಮೇತ ಕಂಡುಬಂದಿದೆ. ವರದಿಯಲ್ಲಿ ತಪ್ಪು ಇರುವುದಿಲ್ಲ. ಸುಳ್ಳು ತಕರಾರಿಗೆ ದಂಡ ವಿಧಿಸಬಹುದಾಗಿದ್ದರೂ ಮೊದಲ ಸಲವಾದ್ದರಿಂದ ಮನ್ನಿಸಲಾಗಿದೆ. ಕೋರಿರುವ ಸಾಲ ಮಂಜೂರಾದಲ್ಲಿ, ಅದು ತೀರುವವರೆಗೆ ಪ್ರತಿ ಸಂಜೆ ಆರಕ್ಕೆ ಇವರು ಇದೇ ಮನೆಯಲ್ಲಿರತಕ್ಕದ್ದು."

ವರದಿ ಶುದ್ಧವಾಗಿದ್ದರಿಂದ ಬ್ಯಾಂಕು ವಾರದಲ್ಲೇ ಸಾಲ ಮಂಜೂರು ಮಾಡಿ, ಹಣವನ್ನು ನೇರವಾಗಿ ಕಂಟ್ರಾಕ್ಟರಿಗೆ ಕೊಟ್ಟಿತು. ಕಂಟ್ರಾಕ್ಟರು ದಾಖಲೆಯ ವಿಳಾಸದಲ್ಲಿ ಹದಿನಾರು ಮೆಟ್ಟಿಲು ಕಟ್ಟಿದರು. ಮೇಲೆ ಮಹಡಿ ಇಲ್ಲ ಎಂದು ಕನ್ನಡಕದಂಗಡಿಯವರು ಗೋಗರೆದಾಗ, ಮಹಡಿಗೆ ಬೇರೆ ಅರ್ಜಿ ಎಂದರು. ಬ್ಯಾಂಕಿನವರು ಕೊನೆಯ ಮೆಟ್ಟಿಲು ಹತ್ತಿ, ತಲೆ ಸೂರಿಗೆ ತಾಗದಂತೆ ಬಗ್ಗಿ ನಿಂತು, ಕಾಮಗಾರಿ ತೃಪ್ತಿಕರವೆಂದು ಸಹಿ ಹಾಕಿದರು. ಮೆಟ್ಟಿಲಿರುವ ಮನೆಯೆಂದು ಮೇಷ್ಟ್ರು ಬಾಡಿಗೆ ಏರಿಸಿದರು.

ಭಾನುವಾರ ಕನ್ನಡಕದಂಗಡಿಯವರು ತಮ್ಮ ಮನೆಗೆ ಹೋಗಿ ಕಿಟಕಿಯ ಕೆಳಗೆ ನಿಂತರು. ತಾಯಿ ಮೇಲಿನಿಂದ ಬಗ್ಗಿ ನೋಡಿದರು.

"ಮೆಟ್ಟಿಲು ಆಯ್ತಂತಲ್ಲಪ್ಪಾ. ಗಟ್ಟಿಯಾಗಿದೆಯಾ?"

"ಗಟ್ಟಿಯಾಗಿದೆ ಅಮ್ಮ. ಹಿಡಿಕಂಬಿನೂ ಹಾಕಿದ್ದಾರೆ."

"ಹತ್ತಿ ಇಳಿಯೋಕೆ ಸುಲಭವಾ?"

"ಸುಲಭ ಅಮ್ಮ."

ಮಗನಿಗೆ ಅಳು ಬಂತು. ನಲವತ್ತೆಂಟರ ವಯಸ್ಸಿನಲ್ಲಿ ಬೀದಿಯಲ್ಲಿ ನಿಂತು ಅಳುವುದು ಸರಿಯಲ್ಲವೆಂದು ಕನ್ನಡಕ ತೆಗೆದು ಒರೆಸತೊಡಗಿದರು. ಹೆಂಡತಿ ಒಗೆದ ಬಟ್ಟೆಗಳ ಚೀಲ ತಂದು ಕೈಗಿತ್ತು, ಗಂಟೆ ಐದೂವರೆ ಆಯಿತೆಂದರು.

"ಹೊರಡಪ್ಪಾ," ಎಂದರು ತಾಯಿ ಕಿಟಕಿಯಿಂದ. "ಹೊತ್ತಿಗೆ ಸರಿಯಾಗಿ ನಿನ್ನ ಮನೆ ಸೇರ್ಕೋ."