ಅಣ್ಣನ ಕಾರಿಗೆ ನಾನಿಟ್ಟ ಕುಂಕುಮ

ನಾನು ಒಂದೇ ಒಂದು ಮಾತು ಹೇಳಿದ್ದರೆ ಆ ದಿನ ಅಣ್ಣನ ಕಾರು ಹೊರಟುಬಿಡುತ್ತಿತ್ತು. ಹೇಳಲಿಲ್ಲ. ಆದರೆ ನನ್ನನ್ನು ಬಯ್ಯುವ ಮೊದಲು ನನ್ನಣ್ಣ ಎಂಥ ಪ್ರಾಣಿ ಎಂಬುದು ನಿಮಗೆ ತಿಳಿಯಬೇಕು. ಜಾಲಹಳ್ಳಿಯ ಸುತ್ತಮುತ್ತ ಅವನಷ್ಟು ದೊಡ್ಡ ಮೆಕ್ಯಾನಿಕ್ ಇರಲಿಲ್ಲ. ಹಾಗೆಂದು ಹೇಳುತ್ತಿದ್ದವನೂ ಅವನೊಬ್ಬನೇ!

ಪೀಣ್ಯದಲ್ಲಿ ಲೇತ್ ನಡೆಸುತ್ತಿದ್ದವನು ಎಪ್ಪತ್ತರ ದಶಕದ ಕೊನೆಯಲ್ಲಿ ಯಾರೋ ಸಾಹೇಬರು ಕೈಬಿಟ್ಟ ಕಾರಿಗೆ ಜೋಡಿ ಎತ್ತು ಕಟ್ಟಿ ಮನೆಗೆ ಎಳೆಸಿ ತಂದ. ಅದನ್ನವನು ರಿಪೇರಿ ಮಾಡುತ್ತಿರಲಿಲ್ಲ, ವೈದ್ಯ ಮಾಡುತ್ತಿದ್ದ. ಬಾನೆಟ್ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ ನಾಡಿ ನೋಡುವುದು. ಆಯಿಲ್ ಬೆರಳಿಗೆ ಹಚ್ಚಿ ನೆಕ್ಕುವುದು!

"ಉಪ್ಪು ಸರಿಯಾಗೈತಾ ಅಣ್ಣ?" ಎಂದರೆ, "ಮೂರನೇ ಕ್ಲಾಸಿಗೇ ಸ್ಲೇಟು ಒಡ್ದೋಳಿಗೆ ಎಂಜಿನ್ ವಿಷ್ಯ ಯಾಕೇ? ಓಗು, ಮುದ್ದೆ ತಿರುವು" ಅನ್ನುತ್ತಿದ್ದ.

ಆ ವರ್ಷ ಅತ್ತಿಗೆ ಹೆರಿಗೆಗೆಂದು ಕಾಡುಗೋಡಿಯ ತವರಿಗೆ ಹೋಗಿದ್ದಳು. ನಮ್ಮಲ್ಲಿ ಬಾಣಂತಿ, ಮಗುವನ್ನು ಮೂರನೇ ತಿಂಗಳಲ್ಲಿ ಕರೆತರಬೇಕು, ನಾಲ್ಕರಲ್ಲಿ ಕೂಡದು, ತಪ್ಪಿದರೆ ಐದರಲ್ಲೇ. ವಿಜಯದಶಮಿಗೆ ಮೂರು ಮುಗಿಯುತ್ತಿತ್ತು. "ನನ್ನ ಮಗ ಮೊದಲನೇ ಸಲ ಬರೋದು ಕಾರಲ್ಲೇ" ಎಂದು ಇವನು ಜಂಬ ಕೊಚ್ಚಿದ್ದ. "ಆಯ್ತಪ್ಪ, ಕಾರು ಬಂದ್ರೇನೇ ಕಳಿಸ್ತೀನಿ" ಎಂದು ಅವನ ಮಾವ ಪಟ್ಟು ಹಿಡಿದಿದ್ದರು.

ಹಿಂದಿನ ದಿನ ಆಯುಧಪೂಜೆ. ಎಂಜಿನ್ನನ್ನು ಫಳಫಳ ಒರೆಸಿಟ್ಟು ಅಣ್ಣ ಹೂವು ತರಲು ಹೋದ. ನಾನು ಕಂಡಕಂಡಲ್ಲಿ ಅರಿಶಿನ ಕುಂಕುಮ ಇಡುತ್ತಾ ಬಂದೆ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಕಪ್ಪು ಮುಚ್ಚಳವೊಂದಿತ್ತು. ಗಾಡಿಯ ಜೀವವೇ ಅದರೊಳಗಿದೆ ಎಂದು ಇವನೇ ಹೇಳುತ್ತಿದ್ದ. ಜೀವಕ್ಕೆ ಪೂಜೆ ಬೇಡವೇ? ಕ್ಲಿಪ್ಪು ಬಿಚ್ಚಿ, ಒಳಗೆಲ್ಲ ನೀರಿನಲ್ಲಿ ಕಲಸಿದ ಅರಿಶಿನ ಬಳಿದು, ಕುಂಕುಮವಿಟ್ಟು ಮುಚ್ಚಿದೆ. ಪೆಟ್ರೋಲ್ ಉಳಿಸಲೆಂದು ಕಾರನ್ನು ನಿಂಬೆಹಣ್ಣಿನ ಮೇಲೆ ತಳ್ಳಿಯೇ ಹತ್ತಿಸಿದೆವು.

ಮರುದಿನ ಬೆಳಿಗ್ಗೆ ಕಾರು ಕುಯ್ ಕುಯ್ ಎಂದಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಅಣ್ಣ ನಾಡಿ ಹಿಡಿದು "ಕಫ" ಎಂದ. ಪೆಟ್ರೋಲ್ ಪೈಪಿಗೆ ಬಾಯಿಟ್ಟು ಹೀರಿ ಉಗಿದ. ಬ್ಯಾಟರಿಯ ತಲೆಗೆ ಬಿಸಿನೀರು ಹುಯ್ದ. ಮಧ್ಯಾಹ್ನದ ಹೊತ್ತಿಗೆ ಹಿಂದಿನ ಸೀಟನ್ನೂ ಕಳಚಿದ. ಸೀಟಿಗೂ ಇದಕ್ಕೂ ಏನು ಸಂಬಂಧ ಎಂದು ದಯವಿಟ್ಟು ನನ್ನನ್ನು ಕೇಳಬೇಡಿ!

ಪಕ್ಕದ ಮನೆಯ ಲಾರಿ ಡ್ರೈವರ್ ತಡೆಯಲಾರದೆ, "ಗುರು, ಆ ಕಪ್ಪು ಮುಚ್ಚಳ ತೆಗ್ದು ನೋಡು" ಎಂದ.

"ನೆನ್ನೆ ನಾನೇ ಒರೆಸಿದೀನಿ. ಅದ್ರಲ್ಲಿ ಧೂಳಿದ್ರೆ ಮೀಸೆ ಬೋಳಿಸ್ತೀನಿ!"

ಧೂಳಿರಲಿಲ್ಲ, ನಿಜ.

ಬೆಳಿಗ್ಗೆ ಕಾರು ಕುಯ್ ಎಂದಾಗಲೇ ನನಗೆ ಎಲ್ಲ ಅರ್ಥವಾಗಿತ್ತು, ನಾನು ಬಳಿದ ಹಸಿ ಅರಿಶಿನವೇ ಕರೆಂಟು ಕೆಡಿಸಿತ್ತು. ಆದರೂ ಮಹಾ ಮೆಕ್ಯಾನಿಕ್ ತಿಣುಕಲಿ ಎಂದು ಬಾಗಿಲಲ್ಲಿ ನಿಂತು ಕಡಲೆಕಾಯಿ ಬಿಡಿಸಿ ತಿಂದೆ.

ಸಂಜೆ ಮಾವನವರೇ ಬಸ್ಸು ಹಿಡಿದು ಬಂದರು. ಕಾರಿನಡಿಯಿಂದ ಚಾಚಿಕೊಂಡಿದ್ದ ಎರಡು ಕಾಲುಗಳನ್ನು ಮಾತಾಡಿಸಿದರು. "ಅಳಿಯಂದ್ರೇ, ಮಗೀಗೆ ಹೊಸ ಬಟ್ಟೆ ಆಕಿ ಬೆಳಗ್ಗಿಂದ ಕಾಯ್ಕೊಂಡ್ ಕುಂತವ್ಳೆ ನಿಮ್ಮ ಎಂಡ್ತಿ. ಇನ್ನು ಐದ್ನೇ ತಿಂಗಳಿಗೇ ಬನ್ನಿ. ಬಸ್ಸಲ್ಲೇ ಬನ್ನಿ." ನೀರೂ ಕುಡಿಯದೆ ಹೊರಟುಹೋದರು.

ಹೊತ್ತು ಮುಳುಗಿತು, ಹಸುಗೂಸನ್ನು ಇನ್ನು ಹೊರಡಿಸುವಂತಿರಲಿಲ್ಲ. ಅಣ್ಣ ಎದ್ದು ಬಂದು ಆ ಮುಚ್ಚಳ ತೆಗೆದ. ನೋಡಿದ. ನನ್ನ ಕಡೆಗೂ ಒಮ್ಮೆ ನೋಡಿದ. ಈಗ ಕೂಗಾಡುತ್ತಾನೆ ಎಂದು ನಾನು ಗೋಡೆಗೆ ಅಂಟಿಕೊಂಡೆ. ಅವನು ಬನಿಯನ್ನಿನ ಅಂಚಿನಿಂದ ಒಳಗನ್ನು ಒರೆಸಿ ಮುಚ್ಚಿದ. ಕೀ ತಿರುಗಿಸಿದೊಡನೆ ಕಾರು ಸ್ಟಾರ್ಟ್ ಆಯಿತು!

"ಏನಾಗಿತ್ತೋ?" ಅವ್ವ ಒಳಗಿನಿಂದ ಕೂಗಿದಳು.

"ಪೆಟ್ರೋಲಲ್ಲಿ ಕಸ ಕಣವ್ವ" ಎಂದು ಎಂಜಿನ್ ಆರಿಸಿದ.

ಮಗುವಿಗೆ ಹಾಸಲೆಂದು ತೆಗೆದಿಟ್ಟಿದ್ದ ಅವ್ವನ ಹಳೆಯ ಸೀರೆಯನ್ನು ಒಬ್ಬನೇ ಮಡಿಸತೊಡಗಿದ. ನಾನು ಹೋಗಿ ಇನ್ನೊಂದು ತುದಿ ಹಿಡಿದೆ.

"ಅಣ್ಣ, ಬೆಳಗ್ಗೇನೇ ನಂಗೆ ಗೊತ್ತಿತ್ತು. ಬೇಕಂತ್ಲೇ ಏಳ್ಲಿಲ್ಲ. ಮಗೂನ ನಿನ್ನಿಂದ ಇನ್ನೆರಡು ತಿಂಗಳು ದೂರ ಮಾಡ್ಬಿಟ್ಟೆ. ತಪ್ಪಾಯ್ತು ಕಣಣ್ಣ."